ಒಳಗೆ ಬಿಟ್ಟ ಬಟ್ಟೆ

ಫೆಬ್ರವರಿ ೬

ಪ್ರೀತಿಯ ಕಡ್ಡಿ,

ನಿನ್ನ ಎರಡೂ ಪ್ಯಾಂಟು ಸಿದ್ಧವಾಗಿವೆ. ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ್, ನಿನ್ನ ಗೆಳೆಯ ಮೀಸೆ ಮಹಾಶಯ ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸುತ್ತಿದ್ದಾನೆ. "ಬಸ್ ಹೊರಡಿಸ್ಬೇಕು ಅಕ್ಕಾ" ಎಂದು ತುಟಿ ಆಡುತ್ತಿದೆ. ದನಿಯೇ ಕೇಳದ ನನಗೆ ಅವಸರ ಹೇಗೆ ಕೇಳಬೇಕು? ಜನರನ್ನು ಕಾಯಿಸಿ ಗೊತ್ತಿರುವವನು ಸ್ವಲ್ಪ ಕಾದೂ ಕಲಿಯಲಿ.

ಸೊಂಟ ಮತ್ತೆ ಬಿಗಿಯಾಗಿದೆ ಅಂತ ಬರೆದಿದ್ದೆ. ಆಗದೆ ಇನ್ನೇನು? ನಿಮ್ಮ ಡಿಪೋದ ಯೂನಿಫಾರಂ ಬಟ್ಟೆಗೆ ನೀರು ಕಂಡರೆ ಕುಗ್ಗುವ ಬುದ್ಧಿ. ಒದ್ದೆ ಮಾಡಿ, ಇಸ್ತ್ರಿ ಹಾಕಿ, ಎಳೆದು ಸರಿಮಾಡಿದ್ದೇನೆ. ಹಾಕಿ ನೋಡು, ಕೆಲಸಕ್ಕೆ ಸೇರಿದ ದಿನ ಕೂತ ಹಾಗೆಯೇ ಕೂರುತ್ತದೆ.

ಕೆಳಗಿನ ಟಯರ್ ಅಂಗಡಿಯವನು ಮೊನ್ನೆ ಮೆಟ್ಟಿಲು ಹತ್ತಿ ಬಂದು, ಹೊಸ ಯಂತ್ರದ ಗದ್ದಲಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಕೈಮುಗಿದ. ಯಾವ ಗದ್ದಲ ಅಂದೆ. ಪಾಪ, ಬಹಳ ಒಳ್ಳೆಯ ಹೆಂಗಸು ಅಂದುಕೊಂಡು ಹೋದ.

ಡಬ್ಬಿಯಲ್ಲಿ ಬೆಣ್ಣೆ ಬಿಸ್ಕತ್ತು ಇದೆ. ಖಾಲಿ ಹೊಟ್ಟೆಯಲ್ಲಿ ಬಸ್ಸು ಓಡಿಸಬೇಡ. ಮೀಸೆಗೆ ಎರಡು ಕೊಡು, ಸಾಕು. ಅವನ ಹೊಟ್ಟೆ ಅವನ ಮೀಸೆಯನ್ನೂ ಹಿಂದೆ ಹಾಕುತ್ತಿದೆ. ಯಾವಾಗಿನ ಹಾಗೆ ಉತ್ತರವನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ಕಳಿಸು. ಫೋನಿನಲ್ಲಿ ಮೆಸೇಜು ಹಾಕ್ತೀನಿ ಅಂತೀಯ. ಸೂಜಿಗೆ ದಾರ ಪೋಣಿಸುವುದಕ್ಕೇ ನನ್ನ ಕಣ್ಣು ಸಾಲುತ್ತಿಲ್ಲ.

ನಿನ್ನ ಅಕ್ಕ

*

ಮಾರ್ಚ್ ೧೯

ಅಕ್ಕಾ,

ಪ್ಯಾಂಟು ಎರಕ ಹೊಯ್ದ ಹಾಗಿದೆ. ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು.

ಒಂದು ತಮಾಷೆ ಕೇಳು. ಡಿಪೋದಲ್ಲಿ ಡ್ರೈವರು, ಕಂಡಕ್ಟರುಗಳಿಗೆಲ್ಲ ತಪಾಸಣೆ ನಡೆಯಿತು. ರಕ್ತ ತೆಗೆದರು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಫೋಟೋ ತೆಗೆದರು. ನನ್ನ ಲಿವರಿನಲ್ಲಿ ಕೊಬ್ಬು ಕೂತಿದೆಯಂತೆ. ಲಿವರ್ ಅನ್ನುವ ಶಬ್ದ ಹೊರಗೆ ಬಿದ್ದದ್ದೇ ತಡ, ಸೂಪರ್‌ವೈಸರ್ ಹತ್ತಿರ ಬಂದು "ಏನಯ್ಯಾ, ಚೆನ್ನಾಗಿದೀಯಾ?" ಅಂತ ನನ್ನ ಬಾಯಿ ಮೂಸಿದ! ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನು ನಾನು. ಮೀಸೆಗೆ ಸಿಟ್ಟು ನೆತ್ತಿಗೇರಿತು. "ಇವ್ನು ಕುಡಿಯೋದು ಟೀ ಸಾರ್, ಅದೂ ನಾಲ್ಕು ಚಮಚ ಸಕ್ಕರೆ ಹಾಕ್ಕೊಂಡು" ಅಂತ ಜಗಳಕ್ಕೇ ನಿಂತ.

ಡಾಕ್ಟರು ಒಳ್ಳೆಯವರು. "ಕುಡೀದೇ ಇದ್ರೂ ಕೊಬ್ಬು ಸೇರುತ್ತೆ. ಬಹಳ ಜನಕ್ಕಿದೆ, ಹೆದರ್ಬೇಡ. ಅದರಿಂದ ಲಿವರ್ ಮೇಲೆ ಕಲೆ ಬಿದ್ದಿದೆಯಾ ಅನ್ನೋದಷ್ಟೇ ನೋಡ್ಬೇಕು. ಕಲೆ ನೋಯೋದಿಲ್ಲ, ಅದೇ ಅದರ ಕೆಟ್ಟ ಗುಣ. ಈ ನಾಲ್ಕೈದು ವರ್ಷದಲ್ಲಿ ಸೊಂಟ ಏನಾದ್ರೂ ಬೆಳೆದಿದೆಯಾ? ಬೆಳೆದಿದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ" ಅಂದರು. ತೂಕದ ಯಂತ್ರ ಕೆಟ್ಟು ಕೂತಿತ್ತು, ಅದಕ್ಕೆ ಬಾಯಿಮಾತಿನಲ್ಲೇ ವಿಚಾರಣೆ. ನಾನು ಎದ್ದು ನಿಂತು ಸೊಂಟಕ್ಕೆ ಹೆಬ್ಬೆರಳು ಹಾಕಿ ತೋರಿಸಿದೆ. ತಪಾಸಣೆಗೆಂದು, ಸೇರಿದ ವರ್ಷ ನೀನು ಹೊಲಿದುಕೊಟ್ಟ ದಪ್ಪ ಬಟ್ಟೆಯ ಪ್ಯಾಂಟನ್ನೇ ಹಾಕಿಕೊಂಡು ಹೋಗಿದ್ದೆ ನೋಡು. "ಅದೇ ಪ್ಯಾಂಟು ಸಾರ್, ಅದೇ ಗುಂಡಿ, ಅದೇ ಕಾಜಾ" ಅಂದೆ. ಡಾಕ್ಟರು ನಕ್ಕುಬಿಟ್ಟರು. "ಹಾಗಿದ್ರೆ ಸಕ್ಕರೆ ಕಮ್ಮಿ ಮಾಡು, ಸಂಜೆ ನಡಿ" ಅಂತ ಕಳಿಸಿದರು.

ನಿನ್ನ ಹೊಲಿಗೆಯಿಂದ ಒಂದು ದಿನದ ರಜೆ ಉಳಿಯಿತು. ಡಬ್ಬಿ ಖಾಲಿ ಮಾಡಿ ಇಟ್ಟಿದ್ದೇನೆ.

ನಿನ್ನ ಕಡ್ಡಿ

*

ಏಪ್ರಿಲ್ ೨

ಕಡ್ಡಿ,

ನಿನ್ನ ಪತ್ರ ಓದಿ ಕತ್ತರಿ ಕೆಳಗಿಟ್ಟೆ. ಮತ್ತೆ ಎತ್ತಿಕೊಳ್ಳುವ ಮನಸ್ಸಾಗಲಿಲ್ಲ.

ಅಲ್ಲವೋ, ಡಾಕ್ಟರು ಕೇಳಿದರೆ ಪ್ಯಾಂಟನ್ನು ಸಾಕ್ಷಿಗೆ ಕರೆಯುತ್ತಾರೇನೋ? ಬಟ್ಟೆಗೇನು ಗೊತ್ತು ನಿನ್ನ ಹೊಟ್ಟೆಯ ವಿಚಾರ? ದೊಡ್ಡಾಸ್ಪತ್ರೆಗೆ ಹೋಗಿಬಿಟ್ಟು ಬಾ. ಒಂದು ದಿನದ ರಜೆ ಹೋದರೆ ಹೋಗಲಿ. ಯಾಕೆ ಅಂತ ಕೇಳಬೇಡ. ಅಕ್ಕ ಹೇಳಿದಳು ಅಂತ ಹೋಗು.

ಅಮ್ಮ ನೆನಪಾದಳು. ಕೊನೆಯ ದಿನ ನಿನ್ನನ್ನು ನನ್ನ ಮಡಿಲಿಗೆ ಹಾಕಿ, "ಇವನ ಹೊಟ್ಟೆ ಖಾಲಿ ಇಡ್ಬೇಡ್ವೇ" ಅಂದಿದ್ದಳು. ನಿನಗೆ ಆಗ ನಾಲ್ಕು ವರ್ಷ. ಎದೆಯ ಮೂಳೆ ಒಂದೊಂದೂ ಎಣಿಸಬಹುದಿತ್ತು. ನಾನು ಹೊಲಿದ ಮೊದಲ ಚಡ್ಡಿ ನಿನ್ನದೇ. ಬೆಳೆಯುವ ಮಗುವಿಗೆ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು, ಆಮೇಲೆ ಬಿಚ್ಚಿಕೊಳ್ಳಬಹುದು ಅಂತ ಹೊಲಿಗೆ ಕಲಿಸಿದ ಯಜಮಾನಿ ಹೇಳಿಕೊಟ್ಟಳು. ನಾನು ನಾಲ್ಕು ಬೆರಳು ಬಿಟ್ಟಿದ್ದೆ. ಎರಡು ವರ್ಷವಾದರೂ ಅದನ್ನು ಬಿಚ್ಚುವ ಯೋಗ ಬರಲಿಲ್ಲ. ಬೀದಿಯವರೆಲ್ಲ ಕಡ್ಡಿ ಕಡ್ಡಿ ಅಂದರು, ನಾನೂ ಅಂದೆ. ಅನ್ನುವಾಗೆಲ್ಲ ನಿನ್ನ ತಟ್ಟೆಗೆ ಇನ್ನೊಂದು ತುತ್ತು ಹಾಕುತ್ತಿದ್ದೆ.

ಇನ್ನೇನೋ ಬರೆಯಬೇಕೆಂದು ಕೂತಿದ್ದೆ. ರವಿಕೆಯ ಅಳತೆಗೆ ಟೀಚರಮ್ಮ ಬಂದರು. ಇನ್ನೊಂದು ಸಲ ಬರೆಯುತ್ತೇನೆ.

ಹೋಗಿ ಬಾ.

ಅಕ್ಕ

*

ನವೆಂಬರ್ ೧೧

ಅಕ್ಕಾ,

ಇಷ್ಟು ತಿಂಗಳು ಬರೆಯಲಿಲ್ಲ ಅಂತ ಮೀಸೆಯ ಹತ್ತಿರ ನನ್ನನ್ನು ಬೈದು ಕಳಿಸಿದೆಯಂತೆ. ಅವನು ನಿನ್ನ ಹಾಗೆಯೇ ಕೈ ಬೀಸಿ ಬೈದು ತೋರಿಸಿದ. ಡಿಪೋದವರೆಲ್ಲ ನಕ್ಕರು.

ಏನು ಬರೆಯಲಿ? ದೊಡ್ಡಾಸ್ಪತ್ರೆಗೆ ಹೋಗಲಿಲ್ಲ. ನಾಳೆ ನಾಳೆ ಅಂತ ದಿನ ಹೋಯಿತು. ಯಾವ ನೋವೂ ಇಲ್ಲದೆ ಹೋಗಿ ಏನಂತ ಹೇಳಲಿ? ಸುಸ್ತು ಮಾತ್ರ ಬಹಳ. ಬಸ್ಸು ಇಳಿದು ಕೋಣೆಯ ಮೆಟ್ಟಿಲ ಹತ್ತಿರವೇ ಕೂತುಬಿಡುತ್ತೇನೆ. ಬಾಗಿಲು ತಾಗಿದರೂ ಮೈ ನೀಲಿಗಟ್ಟುತ್ತದೆ. ಸಂಜೆ ಬೂಟು ಬಿಚ್ಚಿದರೆ ಕಾಲಿನ ಮೇಲೆ ಲೇಸಿನ ಗುರುತು ಮೂಡಿರುತ್ತದೆ.

ಪ್ಯಾಂಟು ಕಳಿಸಿದ್ದೇನೆ. ಈ ಸಲ ವಿಚಿತ್ರ. ಸೊಂಟ ಬಿಗಿ, ತೊಡೆ ಮಾತ್ರ ಜೋಲುತ್ತಿದೆ. ಬಟ್ಟೆ ಒಂದೇ ಕಡೆ ಕುಗ್ಗುತ್ತದಾ ಅಕ್ಕಾ?

ಕಡ್ಡಿ

*

ನವೆಂಬರ್ ೧೪

ಬಟ್ಟೆ ಕುಗ್ಗಿಲ್ಲ.

ಪ್ಯಾಂಟು ನನ್ನ ಮೇಜಿನ ಮೇಲಿದೆ. ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಮೀಸೆಗೆ ಕೈಹಿಡಿದು ಹೇಳಿದ್ದೇನೆ, ನಾಳೆ ಅವನೇ ನಿನ್ನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾನೆ. ಹೆಗಲ ಮೇಲೆ ಹೊತ್ತುಕೊಂಡಾದರೂ ಹೋಗು ಅಂದಿದ್ದೇನೆ.

ಇಷ್ಟು ವರ್ಷ ಮೈ ಅಳೆದಿದ್ದೇನೆ ಕಡ್ಡಿ. ದಪ್ಪ ಆಗುವವರಿಗೆ ತೊಡೆಯೂ ದಪ್ಪವಾಗುತ್ತದೆ. ಸೊಂಟ ಏರಿ ತೊಡೆ ಇಳಿಯುವುದು ಒಳ್ಳೆಯದಕ್ಕಲ್ಲ. ಇಷ್ಟು ನನಗೆ ಗೊತ್ತು, ಮುಂದಿನದು ಡಾಕ್ಟರು ಹೇಳಲಿ.

ಅಲ್ಲಿ ಸಾಲು ದೊಡ್ಡದಿರುತ್ತದೆ. ಕಾಯುವಾಗ ಹಸಿಯಬೇಡ, ಡಬ್ಬಿ ಕಳಿಸಿದ್ದೇನೆ.

ಅಕ್ಕ

*

ಡಿಸೆಂಬರ್ ೪

ಅಕ್ಕಾ,

ಹೋಗಿ ಬಂದೆ. ಎರಡು ಸಲ ಹೋಗಬೇಕಾಯಿತು.

ಅಲ್ಲಿಯ ಡಾಕ್ಟರಮ್ಮ ಮಾರ್ಚ್ ತಿಂಗಳ ಡಿಪೋದ ಕಾಗದವನ್ನೇ ಮೊದಲು ನೋಡಿದರು. ನನ್ನ ವಯಸ್ಸು, ರಕ್ತದ ಎರಡು ಲಿವರ್ ಸಂಖ್ಯೆ, ಆಮೇಲೆ ರಕ್ತ ಹೆಪ್ಪುಗಟ್ಟಿಸುವ ಕಣಗಳ ಲೆಕ್ಕ, ಈ ನಾಲ್ಕನ್ನು ಹಾಕಿ ಗುಣಿಸಿ ಭಾಗಿಸಿದರು. ಬಂದ ಉತ್ತರಕ್ಕೆ ಸುತ್ತು ಹಾಕಿದರು. "ಲಿವರ್ ಸಂಖ್ಯೆಗಳು ಗೆರೆಯ ಒಳಗೇ ಇವೆಯಲ್ಲ ಮೇಡಂ?" ಅಂದೆ. "ಒಂದೊಂದಾಗಿ ನೋಡಿದ್ರೆ ಎಲ್ಲ ಪಾಪದವೇ. ಒಟ್ಟಿಗೆ ನಿಲ್ಲಿಸಿದ್ರೆ ಕಥೆ ಬೇರೆ. ಈ ಲೆಕ್ಕ ಮಾರ್ಚಲ್ಲೇ ಮಾಡ್ಬಹುದಿತ್ತು" ಅಂದರು.

ಆಮೇಲೆ ಯಂತ್ರ. ಪಕ್ಕೆಲುಬುಗಳ ನಡುವೆ ಟಪ್ ಟಪ್ ಅಂತ ತಟ್ಟಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುತ್ತದೆ. "ಏನಾದ್ರೂ ತಿಂದಿದೀರಾ?" ಅಂದರು. ನಿನ್ನ ಡಬ್ಬಿ ಅಷ್ಟು ಹೊತ್ತಿಗೆ ಅರ್ಧ ಖಾಲಿ. ಊಟ ಮಾಡಿದ ಲಿವರ್ ಇರುವುದಕ್ಕಿಂತ ಗಟ್ಟಿಯಾಗಿ ತೋರಿಸುತ್ತದಂತೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಕಳಿಸಿದರು. ಅವತ್ತು ಯಂತ್ರ ತೋರಿಸಿದ್ದು ತಪ್ಪಾಗಿರಲಿ ದೇವರೇ ಅಂತ ಬೇಡಿಕೊಂಡೆ. ಎರಡನೇ ಸಲ ಹಸಿದುಕೊಂಡು ಹೋದೆ. ತಪ್ಪು ತೋರಿಸಲಿಲ್ಲ.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಹರಿದ ಕಡೆಯೆಲ್ಲ ರಫು ಮಾಡಿ, ಅದರ ಮೇಲೆ ಮತ್ತೆ ರಫು ಮಾಡಿದರೆ ಬಟ್ಟೆ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದಲ್ಲ, ಹಾಗಾಗಿದೆಯಂತೆ ಒಳಗೆ. ಬೇಗ ಗೊತ್ತಾಗಿದ್ದರೆ, ತೂಕ ಇಳಿಸಿದರೆ ಕಲೆ ಹಿಂದಕ್ಕೆ ಹೋಗುವುದೂ ಉಂಟಂತೆ. ನನ್ನದು ಬಹಳ ಮುಂದೆ ಹೋಗಿದೆ.

"ಸೊಂಟ ಯಾವಾಗಿಂದ ಬೆಳೀತು?" ಅಂತ ಡಾಕ್ಟರಮ್ಮ ಕೇಳಿದರು. ಬೆಳೆದೇ ಇಲ್ಲ, ಸೇರಿದ ವರ್ಷದ್ದೇ ಪ್ಯಾಂಟು ಅಂದೆ. ಗೂಟಕ್ಕೆ ನೇತುಹಾಕಿದ್ದ ಪ್ಯಾಂಟನ್ನು ನರ್ಸಮ್ಮ ತೆಗೆದು ಒಳಮಗ್ಗುಲು ತಿರುಗಿಸಿದರು. ಹಳೆಯ ಹೊಲಿಗೆ ಬಿಚ್ಚಿದ ಸೂಜಿತೂತುಗಳು, ಸಾಲಿನ ಪಕ್ಕ ಸಾಲು. ಹಿಂದುಗಡೆ ಅದೇ ಬಣ್ಣದ ಒಂದು ತುಂಡು ಸೇರಿಸಿ, ಹೊರಗೆ ಕಾಣದ ಹಾಗೆ ಹೊಲಿದಿದೆ. "ಯಾರೋ ಬಹಳ ಚೆನ್ನಾಗಿ ಹೊಲೀತಾರೆ" ಅಂದರು ನರ್ಸಮ್ಮ.

ಯಾಕಕ್ಕಾ?

ಕಡ್ಡಿ

*

ಡಿಸೆಂಬರ್ ೧೦

ಹೌದು. ಬಿಚ್ಚಿದೆ. ಒಂದು ಸಲವಲ್ಲ, ನೀನು ಪ್ಯಾಂಟು ಕಳಿಸಿದಾಗೆಲ್ಲ ಬಿಚ್ಚಿದೆ. ಒಳಗಿನ ಬಟ್ಟೆ ಮುಗಿದಾಗ ತುಂಡು ಸೇರಿಸಿದೆ. ಏನೀಗ?

ನೀನು ತುಂಬಿಕೊಂಡದ್ದು ನೋಡಿ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇನೋ? ಬೇರೆಯವರ ಬಟ್ಟೆ ಸಡಿಲ ಮಾಡುವಾಗ "ಸ್ವಲ್ಪ ಬಾಯಿ ಕಟ್ಟಮ್ಮಾ" ಅಂತ ಹಂಗಿಸುತ್ತೇನೆ. ನಿನ್ನದು ಬಂದರೆ ಬಾಗಿಲು ಹಾಕಿಕೊಂಡು, ಹಬ್ಬದ ಹಾಗೆ ಕೂತು ಬಿಚ್ಚುತ್ತಿದ್ದೆ. ಬಿಚ್ಚಿದ ಒಂದೊಂದು ಬೆರಳಿಗೂ, ನೋಡಮ್ಮಾ, ನಿನ್ನ ಮಗ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ ಅಂತ ಅಮ್ಮನಿಗೆ ಹೇಳುತ್ತಿದ್ದೆ. ದಪ್ಪ ಆಗಿದ್ದೀಯ ಅಂದರೆ ನೀನು ಊಟ ಬಿಡುತ್ತೀಯ ಅಂತ ಬಟ್ಟೆಯ ಮೇಲೆ ತಪ್ಪು ಹೊರಿಸಿದೆ. ಕೊಬ್ಬು ಲಿವರಿಗೆ ಹೋಗಿ ಕೂರುತ್ತದೆ ಅಂತ ನನಗೆ ಯಾರು ಹೇಳಿದರು? ಹಸಿವಿನಿಂದ ಸಾಯುವುದನ್ನು ನೋಡಿದ್ದೆ. ಉಂಡು ಕೆಡುವುದನ್ನು ನೋಡಿರಲಿಲ್ಲ. ಉಣ್ಣುವುದನ್ನು ಕಲಿಸಿದೆ, ಸಾಕು ಅನ್ನುವುದನ್ನು ಕಲಿಸಲಿಲ್ಲ.

ಏಪ್ರಿಲ್‌ನಲ್ಲಿ ಬರೆಯಬಹುದಿತ್ತು. ಟೀಚರಮ್ಮ ಬಂದಿದ್ದರು ಅಂತ ಬರೆದೆನಲ್ಲ, ಅವರು ಬಂದದ್ದು ಮಾರನೆಯ ದಿನ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಗಾದೆ ಹೇಳಿಕೊಂಡು ಕೂರುವವಳಲ್ಲ ನಾನು. ಒಬ್ಬರ ಲಿವರಿನ ತುಂಡು ತೆಗೆದು ಇನ್ನೊಬ್ಬರಿಗೆ ಹಾಕುತ್ತಾರೆ ಅಂತ ಟಯರ್ ಅಂಗಡಿಯವನು ಚೀಟಿಯಲ್ಲಿ ಬರೆದು ತೋರಿಸಿದ. ನನ್ನದು ತೆಗೆದುಕೊಳ್ಳಲಿ. ತುಂಡು ಸೇರಿಸುವುದು ನನಗೇನು ಹೊಸದಲ್ಲ. ಡಾಕ್ಟರಮ್ಮನನ್ನು ಕೇಳಿ ಬರೆ.

ಡಬ್ಬಿ ಕಳಿಸಿಲ್ಲ. ಬಸ್ಸು ಹೋದ ಮೇಲೆ ಖಾಲಿ ಕೈ ನೋಡಿಕೊಂಡು ಅತ್ತೆ.

ಅಕ್ಕ

*

ಫೆಬ್ರವರಿ ೨೦

ಅಕ್ಕಾ,

ಅಕ್ಷರ ವಕ್ರವಾಗಿದ್ದರೆ ಬೈಯಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ. ಕಿಟಕಿ ಪಕ್ಕದ ಹಾಸಿಗೆ ಕೊಟ್ಟಿದ್ದಾರೆ. ದೂರದಲ್ಲಿ ಬಸ್ಸು ಗೇರು ಬದಲಿಸುವ ಸದ್ದು ಕೇಳುತ್ತದೆ. ನನ್ನ ಬಸ್ಸನ್ನು ಈಗ ಬೇರೆಯವನು ಓಡಿಸುತ್ತಾನೆ. ಎರಡನೇ ಗೇರಿಗೆ ಹಾಕುವಾಗ ಕ್ಲಚ್ಚಿನ ತುಳಿತ ಸಾಲದು ಅವನಿಗೆ.

ನಿನ್ನ ಲಿವರು ಬೇಡವಂತೆ. ವಯಸ್ಸಾಯಿತು ಅಂದರು. ನಿನಗೆ ವಯಸ್ಸಾಯಿತು ಅಂದದ್ದಕ್ಕೆ ಮೀಸೆ ಡಾಕ್ಟರಮ್ಮನ ಮೇಲೂ ರೇಗಿದ. ಬೇರೆ ಯಾರದ್ದಾದರೂ ಸಿಕ್ಕೀತು ಅಂತ ನನ್ನ ಹೆಸರನ್ನು ಸಾಲಿನಲ್ಲಿ ಹಾಕಿದ್ದಾರೆ. ಸಾಲು ಎಷ್ಟುದ್ದ ಅಂತ ಕೇಳಿದೆ. ಡಾಕ್ಟರಮ್ಮ ನನ್ನ ಹೊದಿಕೆ ಸರಿಮಾಡಿ ಹೋದರು.

ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಮೊನ್ನೆ ಒಂದು ಬಕೆಟ್ಟು ತೆಗೆದರು. ಕೈಕಾಲು ನೋಡಿದರೆ ನೀನು ಗುರುತು ಹಿಡಿಯುತ್ತೀಯ, ನಿನ್ನ ಹಳೆಯ ಕಡ್ಡಿಯೇ.

ಯಾಕಕ್ಕಾ ಅಂತ ಕೇಳಿದೆನಲ್ಲ, ಅದನ್ನು ವಾಪಸ್ ತೆಗೆದುಕೊಂಡೆ. ನನ್ನ ಬೆಲ್ಟಿನ ತೂತು ವರ್ಷವರ್ಷ ಹಿಂದಕ್ಕೆ ಹೋಗುತ್ತಿತ್ತು. ನನಗೂ ಕಾಣುತ್ತಿತ್ತು. ಅಂಗಿ ಗುಂಡಿಯ ಹತ್ತಿರ ಬಾಯಿ ಬಿಡುತ್ತಿತ್ತು, ಕಾಣುತ್ತಿತ್ತು. ಬೆಲ್ಟು ಸುಳ್ಳು, ಅಕ್ಕ ನಿಜ ಅಂದುಕೊಂಡೆ. ಹಾಗೆ ಅಂದುಕೊಂಡರೆ ನಾಲ್ಕು ಚಮಚ ಸಕ್ಕರೆ ಬಿಡಬೇಕಾಗಿರಲಿಲ್ಲವಲ್ಲ. ಒಬ್ಬಳ ತಪ್ಪಲ್ಲ ಇದು. ಇಬ್ಬರೂ ಸೇರಿ ಹೊಲಿದದ್ದು.

ಒಂದು ಪ್ಯಾಂಟು ಹೊಲಿದುಕೊಡು. ಇಲ್ಲಿಯ ಪೈಜಾಮದ ಲಾಡಿ ಬಿಗಿದರೆ ಕೊರೆಯುತ್ತದೆ, ಬಿಟ್ಟರೆ ಜಾರುತ್ತದೆ. ಮೀಸೆ ಅಳತೆ ತೆಗೆದು ಬೇರೆ ಚೀಟಿಯಲ್ಲಿ ಬರೆದಿದ್ದಾನೆ. ಟೇಪು ಹಿಡಿದು ಅವನಿಗೆ ಅಭ್ಯಾಸವಿಲ್ಲ, ಅಲ್ಪಸ್ವಲ್ಪ ತಪ್ಪಿರಬಹುದು.

ಇರುವಷ್ಟಕ್ಕೇ ಹೊಲಿ ಅಕ್ಕಾ. ಒಳಗೆ ಬಟ್ಟೆ ಬಿಡಬೇಡ. ಬೆಳೆಯುವವನಲ್ಲ ನಾನಿನ್ನು.

ಕಡ್ಡಿ

*

ಫೆಬ್ರವರಿ ೨೬

ನನ್ನ ಕಂದಾ,

ಪ್ಯಾಂಟು ಮುಗಿಯಿತು. ಮೆತ್ತನೆಯ ಬಟ್ಟೆ, ತೊಳೆದು ತೊಳೆದು ಹದ ಮಾಡಿದ್ದೇನೆ. ಸೊಂಟಕ್ಕೆ ಲಾಡಿಯಿಲ್ಲ, ಅಗಲದ ಪಟ್ಟಿ, ಪಕ್ಕದಲ್ಲಿ ಗುಂಡಿ. ಮಲಗಿದರೆ ಒತ್ತುವುದಿಲ್ಲ. ತೊಡೆಯ ಅಳತೆಯನ್ನು ಚೀಟಿಯಲ್ಲಿ ಎರಡು ಸಲ ಓದಿದೆ. ಇಷ್ಟೇ ಅಳತೆಗೆ ಮೊದಲೊಮ್ಮೆ ಹೊಲಿದಿದ್ದೆ. ಆಗ ನೀನು ಸ್ಕೂಲಿನಲ್ಲಿದ್ದೆ.

ಬೇಡ ಅಂದೆ. ಬಿಟ್ಟಿದ್ದೇನೆ. ತೊಡೆಯ ಹತ್ತಿರ, ಒಳಗೆ, ಎರಡು ಬೆರಳು. ಈ ಸಲ ಸೊಂಟಕ್ಕಲ್ಲ. ಕಾಲಿಗೆ ಮತ್ತೆ ಮಾಂಸ ಬರಲಿ ಅಂತ. ಹೇಳಿಯೇ ಬಿಟ್ಟಿದ್ದೇನೆ, ನಿನ್ನಿಂದ ಮುಚ್ಚಿಡುವುದು ಇನ್ನೇನೂ ಇಲ್ಲ.

ಯಾವಾಗಿನ ಹಾಗೆ ಪತ್ರ ಜೇಬಿನಲ್ಲಿದೆ. ಆದರೆ ಕಟ್ಟನ್ನು ಮೀಸೆಯ ಕೈಗೆ ಕೊಡುವುದಿಲ್ಲ. ಅವನ ಬಸ್ಸಿನಲ್ಲಿ ನಾನೇ ತರುತ್ತೇನೆ. ಹೊಲಿಗೆಯಂತ್ರಕ್ಕೆ ಬಟ್ಟೆ ಹೊದಿಸಿದ್ದೇನೆ, ಬೀಗದಕೈ ಟಯರ್ ಅಂಗಡಿಯಲ್ಲಿದೆ. ನೀನು ಓದುವಾಗ ನಾನು ಎದುರಿಗೇ ಕೂತಿರುತ್ತೇನೆ. ನಿಧಾನ ಮಾತಾಡು, ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಮಾತಾಡಲು ಆಗದಿದ್ದರೆ ಸುಮ್ಮನಿರು. ನಾವಿಬ್ಬರೂ ಸುಮ್ಮನಿದ್ದರೆ ನನಗೆ ಏನೂ ಕಮ್ಮಿಯಾಗುವುದಿಲ್ಲ.

ನಿನ್ನ ಅಕ್ಕ

*

ಜೂನ್ ೧೮

ಪ್ರೀತಿಯ ತಮ್ಮ ಮೀಸೆಗೆ,

ನಿನ್ನ ಹೆಸರು ಗೊತ್ತಿಲ್ಲದೆ ಅಲ್ಲ. ಅವನಿಗೆ ಬರೆಯುವಾಗೆಲ್ಲ ಮೀಸೆ ಅಂತಲೇ ಬರೆದು ಕೈಗೆ ಅಭ್ಯಾಸವಾಗಿದೆ. ಅವನು ಹೋದ ಮೇಲೆ ಬರೆಯುತ್ತಿರುವ ಮೊದಲ ಪತ್ರ ಇದು. ಯಾರಿಗೆ ಬರೆಯಲಿ ಅಂತ ತಿಳಿಯದೆ ಮೂರು ತಿಂಗಳು ಪೆನ್ನು ಮುಟ್ಟಿರಲಿಲ್ಲ.

ಹೋದ ವಾರ ನೀನು ಪ್ಯಾಂಟು ಕೊಟ್ಟು ಹೋದೆ. "ಸ್ವಲ್ಪ ಸೊಂಟ ಬಿಡಿಸ್ಕೊಡಕ್ಕಾ, ಒಗೆದು ಒಗೆದು ಕುಗ್ಗೋಗಿದೆ" ಅಂದೆ. ನಿನ್ನ ತುಟಿ ಓದಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಬಿಸಿಲು ಅಂದುಕೊಂಡು ನೀರು ತಂದುಕೊಟ್ಟೆ.

ಒಳಮಗ್ಗುಲು ತಿರುಗಿಸಿ ನೋಡಿದೆ. ಬಿಚ್ಚಲು ಬೇಕಾದಷ್ಟು ಬಟ್ಟೆ ಇದೆ. ಅರ್ಧ ಗಂಟೆಯ ಕೆಲಸ.

ಬಿಚ್ಚದೆ ವಾಪಸ್ ಕಳಿಸುತ್ತಿದ್ದೇನೆ. ನಿನ್ನ ಡಿಪೋದ ತಪಾಸಣೆಯ ಕಾಗದ ತೆಗೆದುಕೊಂಡು ಆ ಡಾಕ್ಟರಮ್ಮನ ಹತ್ತಿರ ಹೋಗು. ವಯಸ್ಸು, ರಕ್ತದ ಮೂರು ಸಂಖ್ಯೆ, ನಾಲ್ಕನ್ನೂ ಹಾಕಿ ಲೆಕ್ಕ ಮಾಡಿಕೊಡಿ ಅಂತ ಕೇಳು. ಯಂತ್ರದಲ್ಲಿ ನೋಡಬೇಕು ಅಂದರೆ ಏನೂ ತಿನ್ನದೆ ಹೋಗು. ನೋವಿಲ್ಲ ಅಂತ ಹೇಳಬೇಡ, ಅವನಿಗೂ ನೋವಿರಲಿಲ್ಲ. ಸೊಂಟ ಯಾವಾಗಿಂದ ಬೆಳೆಯಿತು ಅಂತ ಕೇಳಿದರೆ, ನಮ್ಮಕ್ಕ ಹೇಳಿದ್ದಾಳೆ, ಹೋದ ವರ್ಷ ಫೆಬ್ರವರಿಯಿಂದ ಅಂತ ಹೇಳು. ನಾನು ಕಣ್ಣಾರೆ ನೋಡಿದ್ದೇನೆ. ತಮಾಷೆ ಮಾಡಿ ಬಿಟ್ಟುಬಿಟ್ಟೆ.

ಅಲ್ಲಿಯವರೆಗೆ ಪ್ಯಾಂಟು ಬಿಗಿಯಾಗಿಯೇ ಇರಲಿ. ಕೂತಾಗ ಒತ್ತಲಿ, ಎದ್ದಾಗ ಗುರುತು ಮೂಡಲಿ. ಈ ಅಕ್ಕ ಕಲ್ಲಿನಂಥವಳು ಅಂತ ಬೈದುಕೊಂಡೇ ಹೋಗು.

ಉತ್ತರವನ್ನು ಜೇಬಿನಲ್ಲಿಟ್ಟು ಕಳಿಸು.

ಅಕ್ಕ